ಎರಡು ಮಣೆ ಎತ್ತರದ ಜಗಲಿ

ಪುಣೆಯ ಮನೆಗಳಲ್ಲಿ ಎಲ್ಲ ಇರುತ್ತದೆ, ಜಗಲಿ ಒಂದನ್ನು ಬಿಟ್ಟು. ವಾಷಿಂಗ್ ಮೆಷಿನ್ನಿಗೆಂದೇ ಒಂದು ಗೂಡು ಇರುತ್ತದೆ, ಎರಡು ಬಚ್ಚಲು ಇರುತ್ತವೆ, ಕಾರು ನಿಲ್ಲಿಸುವುದಕ್ಕೆ ನಂಬರು ಬರೆದ ಜಾಗ ಇರುತ್ತದೆ. ಆದರೆ ಮನೆಯ ಒಳಗೂ ಅಲ್ಲದ, ಹೊರಗೂ ಅಲ್ಲದ, ಯಾರು ಬಂದರೂ ಚಪ್ಪಲಿ ಬಿಟ್ಟು 'ಉಸ್ಸಪ್ಪಾ' ಅಂತ ಕೂತುಬಿಡಬಹುದಾದ ಒಂದು ಜಾಗ ಮಾತ್ರ ಇರುವುದಿಲ್ಲ. ಊರಿನಲ್ಲಿರುವ ನಿಮಗೆ ಇದೂ ಒಂದು ಕೊರತೆಯೇ ಅಂತ ನಗು ಬರಬಹುದು. ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ನನಗೂ ಹಾಗೆ ಅನ್ನಿಸಿರಲಿಲ್ಲ. ಅನ್ನಿಸಿದ್ದು ಅಪ್ಪಯ್ಯ ಬಂದು ಉಳಿದಾಗ.

ಅಮ್ಮ ಹೋದ ಮರುವರ್ಷ, 2022ರ ಯುಗಾದಿ ಮುಗಿಸಿಕೊಂಡು ಅಪ್ಪಯ್ಯನನ್ನು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಇಲ್ಲಿಗೆ ಕರೆತಂದೆ. ಆಗ ಅವರಿಗೆ 78. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇರುವುದು ಬೇಡ ಎಂದು ನನ್ನ ವಾದ. 'ನೋಡುವ' ಎಂದು ಅವರ ಉತ್ತರ. ಮಲೆನಾಡಿನವರ 'ನೋಡುವ' ಎಂಬ ಮಾತಿಗೆ ಅರ್ಥ ಏನು ಅಂತ ನಿಮಗೆ ಗೊತ್ತಿರಬಹುದು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ.

ಬಂದವರು ಸೋಫಾದ ತುದಿಯಲ್ಲಿ ಕೂರುತ್ತಿದ್ದರು, ಬಸ್ಸಿಗೆ ಕಾದವರ ಹಾಗೆ. ಎರಡು ದಿನ ಕಳೆದ ಮೇಲೆ ಸೋಫಾ ಬಿಟ್ಟು ನೆಲದ ಮೇಲೆ ಕೂತರು. ವಿಟ್ರಿಫೈಡ್ ಟೈಲ್ಸಿನ ನೆಲ, ಒರಗಿಕೊಳ್ಳುವುದಕ್ಕೆ ಕಂಬವಿಲ್ಲ. ಹಿಂದಿನ ಬಾಗಿಲು ತೆಗೆದು ಹೊರಗೆ ಸಿಮೆಂಟಿನ ಮೇಲೆ ಕೂತು ನೋಡಿದರು. ಏಪ್ರಿಲ್ ತಿಂಗಳು, ಹಗಲೆಲ್ಲ ಕುಡಿದ ಬಿಸಿಲನ್ನು ಆ ಸಿಮೆಂಟು ರಾತ್ರಿ ಒಂಬತ್ತರವರೆಗೂ ಉಗುಳುತ್ತಿತ್ತು. 'ಎಂಥ ಮಾರಾಯ, ಇದು ಕಾವಲಿ ಇದ್ದ ಹಾಗೆ ಇದೆ. ನೀವೆಲ್ಲ ಇಲ್ಲಿ ಎಲ್ಲಿ ಕೂರ್ತೀರಿ?' ಅಂತ ಕೇಳಿದರು. ನಾವು ಎಲ್ಲಿ ಕೂರುತ್ತೇವೆ ಎಂದು ನಾನು ಯೋಚಿಸಿದೆ. ಆಫೀಸಿನಲ್ಲಿ ಕೂರುತ್ತೇವೆ, ಕಾರಿನಲ್ಲಿ ಕೂರುತ್ತೇವೆ, ಟಿ.ವಿ. ಮುಂದೆ ಕೂರುತ್ತೇವೆ. ಸುಮ್ಮನೆ ಎಲ್ಲೂ ಕೂರುವುದಿಲ್ಲ.

ನನ್ನ ಹೆಂಡತಿ ಧಾರವಾಡದವಳು. ಅವಳೇ ಮೊದಲು ಹೇಳಿದ್ದು: 'ಅಲ್ರೀ, ಹಿತ್ತಲದಾಗ ಒಂದು ಕಟ್ಟಿ ಹಾಕಸ್ರಿ. ಮಾವನವ್ರು ಕುಂಡ್ರಲಿಕ್ಕೆ ಛಲೋ ಆಗ್ತದ.' ಅವಳಿಗೆ ಅದು ಕಟ್ಟಿ, ನನಗೆ ಜಗಲಿ. ಪಕ್ಕದ ಮನೆಯ ಆಜಿ ಕೇಳಿ, 'ಹೋ, ಓಸರಿ!' ಅಂದರು. ಅವರ ತವರಿನ ವಾಡೆಯಲ್ಲಿ ಓಸರಿ ಇತ್ತಂತೆ, ಅಲ್ಲಿ ಉಯ್ಯಾಲೆ ಇತ್ತಂತೆ. ನನ್ನ ಮಗಳು ಫೋನಿನಲ್ಲಿ ಚಿತ್ರ ತೋರಿಸಿ, 'ಇದಕ್ಕೆ ಡೆಕ್ ಅಂತಾರೆ' ಎಂದಳು. ಕಾಂಕ್ರೀಟು ಹಾಸಿನ ಮೇಲೆ ಗಿಡ್ಡಕ್ಕೆ ಮರದ ಚೌಕಟ್ಟು ಕೂರಿಸಿ, ಅದರ ಮೇಲೆ ಸಂದು ಬಿಟ್ಟು ಹಲಗೆ ಹೊಡೆಯುವುದು. ಅಪ್ಪಯ್ಯ ಆ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದರು. 'ಇದು ಅಡಿಕೆ ಒಣಗಿಸೋ ಅಟ್ಟ ಅಲ್ವೇನೋ? ಕಾಲು ಕತ್ತರಿಸಿದ್ದಾರೆ, ಅಷ್ಟೇ.'

ಅಲ್ಲಿಗೆ ಕೆಲಸ ಅವರದಾಯಿತು.

ನಮ್ಮದು ತಳಮಹಡಿಯ ಫ್ಲ್ಯಾಟು. ಹಿಂದೆ 15 ಅಡಿ ಉದ್ದ, 10 ಅಡಿ ಅಗಲದ ಸಿಮೆಂಟಿನ ಹಾಸು. ಇಲ್ಲಿಯವರು ಅದನ್ನು ಕೋಬಾ ಅನ್ನುತ್ತಾರೆ. ಅದು ನಮ್ಮ ಬಳಕೆಗೆ ಬಿಟ್ಟ ಜಾಗವೇ ಹೊರತು ನಮ್ಮ ಸ್ವಂತದ್ದಲ್ಲ. ಸೊಸೈಟಿಯ ಕಾರ್ಯದರ್ಶಿಗಳ ಹತ್ತಿರ ಹೋಗಿ ಕೇಳಿದೆ. ಅವರು ಒಂದೇ ಮಾತು ಹೇಳಿದರು: 'ಉಚಲೂನ್ ನೇತಾ ಆಲಂ ಪಾಹಿಜೆ.' ಎತ್ತಿಕೊಂಡು ಹೋಗುವ ಹಾಗಿರಬೇಕು. ನೆಲಕ್ಕೆ ಬೋಲ್ಟು ಹೊಡೆಯಬಾರದು, ಗೋಡೆಗೆ ತೂತು ಹಾಕಬಾರದು, ಗಾರೆ ಹಾಕಿ ಏನನ್ನೂ ಕಟ್ಟಬಾರದು. ಮನೆಗೆ ಬಂದು ಹೇಳಿದಾಗ ಅಪ್ಪಯ್ಯ ನಕ್ಕರು. 'ಎತ್ತಿಕೊಂಡು ಹೋಗೋ ಜಗಲಿ! ನಿನ್ನ ಹಾಗೇ ಆಯ್ತು.'

ಆ ಮಾತನ್ನು ನಾನು ಕೇಳಿಸಿಕೊಳ್ಳದವನ ಹಾಗೆ ಟೇಪು ತರಲು ಹೋದೆ.

ಮರಕ್ಕಿಂತ ಮೊದಲು ನೀರು ನೋಡಬೇಕು ಎಂದು ಅಪ್ಪಯ್ಯನ ಪಟ್ಟು. ನಾಲ್ಕು ಬಕೆಟ್ ನೀರನ್ನು ಕೋಬಾದ ಮೇಲೆ ಸುರಿಸಿ, ಅದು ಯಾವ ಕಡೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಕುಕ್ಕರಗಾಲಲ್ಲಿ ಕೂತು ನೋಡಿದರು. ಆಮೇಲೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪು ಹಿಡಿದು ಅಳೆದೆವು. ಮನೆಯ ಗೋಡೆಯಿಂದ ಆಚೆಗೆ 9 ಅಡಿಗೆ ಒಂದು ಇಂಚು ಇಳಿಜಾರು ಇತ್ತು. ಸರಿಯಾಗಿಯೇ ಕಟ್ಟಿದ್ದರು, ನೂರಕ್ಕೆ ಒಂದರಷ್ಟು ಇಳಿಜಾರು ಇದ್ದರೆ ನೀರು ತಾನೇ ಹೋಗುತ್ತದೆ. ಒಂದು ಕಡೆ ಮಾತ್ರ ತಟ್ಟೆಯಷ್ಟು ಅಗಲಕ್ಕೆ ನೀರು ನಿಂತಿತು. ಅದನ್ನು ಸಿಮೆಂಟಿನಿಂದ ತುಂಬಿಸಿ ವಾರ ಕಾದೆವು. ಜಗಲಿ ಬಂದ ಮೇಲೆ ಅಡಿಯ ನೆಲ ಕಣ್ಣಿಗೆ ಬೀಳುವುದಿಲ್ಲ; ಅಲ್ಲಿ ನಿಂತ ನೀರು ಸೊಳ್ಳೆಗೂ ಗೆದ್ದಲಿಗೂ ಆಹ್ವಾನ. ನೀರು ಇಳಿಯುವ ನಹಾನಿ ಟ್ರ್ಯಾಪು ದೂರದ ಅಂಚಿನಲ್ಲಿತ್ತು. ಅದು ಯಾವಾಗಲೂ ಕೈಗೆ ಸಿಗುವಂತಿರಲಿ ಅಂತ ಆ ಕಡೆ ಒಂದು ಅಡಿ ಖಾಲಿ ಬಿಟ್ಟು, 12 ಅಡಿಗೆ 9 ಅಡಿ ಜಗಲಿ ಎಂದು ಸುಣ್ಣದ ಗೆರೆ ಎಳೆದೆವು.

ಎತ್ತರದ ಲೆಕ್ಕ ಇನ್ನೊಂದು. ಬಾಗಿಲ ಹೊಸ್ತಿಲು ಕೋಬಾದಿಂದ 6 ಇಂಚು ಮೇಲಿದೆ. ಜಗಲಿ ಹೊಸ್ತಿಲಿಗೆ ಸಮ ಬಂದರೆ ನೋಡುವುದಕ್ಕೆ ಚಂದ, ಆದರೆ ಗಾಳಿಮಳೆಗೆ ಹಲಗೆಯ ಮೇಲೆ ಸಿಡಿದ ನೀರು ನೇರ ಅಡುಗೆಮನೆಗೆ ಬರುತ್ತದೆ. ಹಲಗೆ ಒಂದು ಇಂಚು, ಅದರಡಿ ಜಂತೆ 3 ಇಂಚು, ಜಂತೆಯಡಿ ಅರ್ಧ ಇಂಚು ಮೆತ್ತೆ. ಒಟ್ಟು ನಾಲ್ಕೂವರೆ. ಹೊಸ್ತಿಲಿಗಿಂತ ಒಂದೂವರೆ ಇಂಚು ಕೆಳಗೆ. 'ಎರಡು ಮಣೆ ಒಂದರ ಮೇಲೊಂದು ಇಟ್ಟಷ್ಟು. ಸಾಕು' ಎಂದರು ಅಪ್ಪಯ್ಯ.

ಇನ್ನು ಮರ. ಅಪ್ಪಯ್ಯನಿಗೆ ಮೊದಲು ಹೊಳೆದದ್ದು ಅಡಿಕೆ ದಬ್ಬೆ. ಅದು ಬೇಡವಾದರೆ ಊರಿನಿಂದಲೇ ಮತ್ತಿಯೋ ಹೊನ್ನೆಯೋ ಕಳಿಸುವುದು. ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಅಜ್ಜನ ಕಾಲದಲ್ಲಿ ಕೊಯ್ಸಿಟ್ಟ ಹಲಗೆಗಳು ಇನ್ನೂ ಇವೆ. ಆದರೆ ಊರಿನ ಮರ ಗಡಿ ದಾಟಿಸಬೇಕಾದರೆ ಅರಣ್ಯ ಇಲಾಖೆಯ ಪಾಸು ಬೇಕು, ನಾಕಾಗಳಲ್ಲಿ ತೋರಿಸಬೇಕು. ಮನುಷ್ಯರು ಪಾಸಿಲ್ಲದೆ ಬಂದುಬಿಡಬಹುದು, ಮರ ಬರುವ ಹಾಗಿಲ್ಲ.

ಹಾಗಾಗಿ ಪುಣೆಯ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿಗೆ ಹೋದೆವು. ಅಪ್ಪಯ್ಯ ಈ ಊರಿನಲ್ಲಿ ಮೊದಲ ಸಲ ಖುಷಿಯಾಗಿದ್ದು ಅಲ್ಲಿ. ಪ್ರತಿ ಅಂಗಡಿಯಲ್ಲೂ ಮರದ ತುಂಡನ್ನು ಉಗುರಿನಿಂದ ಕೆರೆದು ಮೂಸುತ್ತಿದ್ದರು. ನಮ್ಮ ಮತ್ತಿ ಇಲ್ಲಿ ಐನ್, ನಮ್ಮ ಹೊನ್ನೆ ಇಲ್ಲಿ ಬಿಬ್ಳಾ, ಸಾಗುವಾನಿ ಬರೀ ಸಾಗ್. 'ಹೆಸರು ಬೇರೆ, ವಾಸನೆ ಅದೇ' ಎಂದರು. ಅಂಗಡಿಯವರೊಬ್ಬರು ಬರ್ಮಾ ತೇಗದ ಮಹಿಮೆ ಹೇಳತೊಡಗಿದರು. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿದ ಮೇಲೆ ಅದರ ಬೆಲೆ ನಮ್ಮಂಥವರು ಕೇಳುವಂಥದ್ದಲ್ಲ. ಕೊನೆಗೆ ಒಬ್ಬರು, ಹಳೆ ಮರ ಆಗುತ್ತದೆಯೇ ಎಂದು ಕೇಳಿ ಹಿಂದಿನ ಗೋದಾಮಿಗೆ ಕರೆದುಕೊಂಡು ಹೋದರು.

ಅಲ್ಲಿ ಇದ್ದದ್ದು ಪುಣೆಯ ವಾಡೆಗಳ ಮರ. ಪೇಶ್ವೆಗಳ ಕಾಲದಿಂದ ಈ ಊರು ಮರದ ಊರು. 1730ರಲ್ಲಿ ಅಡಿಪಾಯ ಹಾಕಿದ ಶನಿವಾರವಾಡೆಗೆ ಜುನ್ನರಿನ ಕಾಡಿನ ಸಾಗುವಾನಿ ಬಂತೆಂದು ಹೇಳುತ್ತಾರೆ. 1828ರ ಬೆಂಕಿಯಲ್ಲಿ ಅದರ ಒಳಗಿನ ಮರದ ಅರಮನೆಗಳು ಸುಟ್ಟು, ಈಗ ಉಳಿದಿರುವುದು ಕಲ್ಲಿನ ಕೋಟೆ ಮತ್ತು ಅಡಿಪಾಯ. ದೊಡ್ಡವರ ವಾಡೆಗಳ ಸುತ್ತ ಸಾಮಾನ್ಯರ ವಾಡೆಗಳು ಪೇಠೆ ಪೇಠೆಗಳಲ್ಲಿ ಬೆಳೆದವು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ನದಿಯ ಬದಿಯ ಎಷ್ಟೋ ವಾಡೆಗಳು ಕೊಚ್ಚಿಹೋದವು. ಉಳಿದವು ಒಂದೊಂದಾಗಿ ಬಿಲ್ಡರುಗಳ ಕೈಗೆ ಬಂದು ಅಪಾರ್ಟ್‌ಮೆಂಟುಗಳಾಗುತ್ತಿವೆ. ಇಟ್ಟಿಗೆ ಭರ್ತಿಗೆ ಹೋಗುತ್ತದೆ, ಮರ ಈ ಗೋದಾಮುಗಳಿಗೆ ಬರುತ್ತದೆ. ಕಂಬ, ತೊಲೆ, ಬಾಗಿಲುವಾಡ, ಎಲ್ಲ ಒಂದರ ಮೇಲೊಂದು. ಹೊಸ ಸಾಗುವಾನಿಯ ಅರ್ಧ ಬೆಲೆ. ನೂರಾರು ವರ್ಷ ಒಣಗಿದ ಚೇಗು. ಇನ್ನು ಬಾಗುವುದೂ ಇಲ್ಲ, ಸೀಳುವುದೂ ಇಲ್ಲ.

ಅಪ್ಪಯ್ಯ ಒಂದು ಜಂತೆಯ ಧೂಳು ಒರೆಸಿದರು. ತುದಿಯಲ್ಲಿ ಉಳಿಯಿಂದ ಕೊರೆದ ಒಂದು ಅಂಕಿ ಇತ್ತು. ನಾಗರಿ ಅಂಕಿ, ಏಳು. ಹಿಂದಿನ ಕಾಲದ ಸುತಾರರು ನೆಲದ ಮೇಲೆ ಚೌಕಟ್ಟು ಜೋಡಿಸಿ ನೋಡಿ, ಒಂದೊಂದಕ್ಕೂ ಗುರುತು ಹಾಕಿ, ಬಿಚ್ಚಿ ಮೇಲೆ ಏರಿಸುತ್ತಿದ್ದ ಗುರುತು ಅದು. 'ನಮ್ಮನೆ ಪಕಾಸಿಗಳ ಮೇಲೂ ಹೀಗೇ ಇದೆ. ಕನ್ನಡ ಅಂಕಿ' ಎಂದರು. ಸ್ವಲ್ಪ ಹೊತ್ತು ಅದರ ಮೇಲೇ ಕೈಯಿಟ್ಟುಕೊಂಡಿದ್ದು, 'ಅದೂ ಒಂದು ದಿನ ಹೀಗೇ ಯಾವುದೋ ಅಂಗಡಿಗೆ ಬರೋದೇ ಅಲ್ವಾ?' ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಅಡಿಕೆಗೆ ಈ ವರ್ಷ ರೇಟು ಎಷ್ಟು ಅಂತ ಕೇಳುವ ಧಾಟಿಯಲ್ಲೇ ಕೇಳಿದರು. ನಾನು ಒಬ್ಬನೇ ಮಗ. ತಂಗಿ ಬೆಂಗಳೂರಿನಲ್ಲಿ. ಉತ್ತರ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಅಂಗಡಿಯವರು ಎಷ್ಟು ಘನ ಅಡಿ ಬೇಕು ಅಂತ ಕೇಳಿದರು. ಹದಿನೈದು ಎಂದೆ.

ಕೆಲಸಕ್ಕೆ ಬಂದ ಮಿಸ್ತ್ರಿ ರಾಜಸ್ಥಾನದ ನಾಗೌರ್ ಕಡೆಯವನು. ಇಪ್ಪತ್ತು ವರ್ಷದಿಂದ ಪುಣೆಯಲ್ಲಿ ಪ್ಲೈವುಡ್ಡಿನ ವಾರ್ಡ್‌ರೋಬು ಮಾಡಿ ಮಾಡಿ ಬೇಸತ್ತವನು. ಅಪ್ಪಯ್ಯನ ಹಿಂದಿ ಆಕಾಶವಾಣಿಯದು, ಅವನ ಹಿಂದಿ ಮಾರವಾಡದ್ದು. ಆದರೂ ಇಬ್ಬರೂ ಹತ್ತು ದಿನ ಮಾತಾಡಿದರು. ಮೊದಲ ದಿನ ಪೂರ್ತಿ ಆಯಸ್ಕಾಂತ ಹಿಡಿದು ಹಳೆ ಮೊಳೆ ಹುಡುಕುವ ಕೆಲಸ. ಒಳಗೆ ಮುರಿದು ಉಳಿದ ಒಂದು ಕಬ್ಬಿಣದ ಮೊಳೆ ಸಾಕು, ಗರಗಸದ ಹಲ್ಲು ಹೋಯಿತು. ಆಮೇಲೆ ಕೊಯ್ದು, ಕೀಸಿ, 4 ಇಂಚು ಅಗಲದ ಹಲಗೆಗಳು, 2 ಇಂಚಿಗೆ 3 ಇಂಚಿನ ಜಂತೆಗಳು ತಯಾರಾದವು. ಬೂದಿಬಣ್ಣದ ಹಳೆ ಮರ ಕೀಸುಳಿಯ ಕೆಳಗೆ ಜೇನಿನ ಬಣ್ಣಕ್ಕೆ ತಿರುಗಿದಾಗ ಪಕ್ಕದ ಮನೆಯ ಆಜಿಯೂ ಬಂದು ಮೂಸಿ ಹೋದರು.

ಎತ್ತಿಕೊಂಡು ಹೋಗುವಂತಿರಬೇಕು ಎಂಬ ಷರತ್ತಿಗೆ ಸರಿಯಾಗಿ ಇಡೀ ಜಗಲಿಯನ್ನು ಮೂರು ತುಂಡು ಮಾಡಿದೆವು. ಒಂದೊಂದು 4 ಅಡಿ ಅಗಲ, 9 ಅಡಿ ಉದ್ದ. ಒಂದೊಂದಕ್ಕೆ ನಾಲ್ಕು ಜಂತೆ, ಸುಮಾರು 15 ಇಂಚಿಗೊಂದು. ಅದಕ್ಕಿಂತ ದೂರವಾದರೆ ಒಂದು ಇಂಚಿನ ಹಲಗೆ ಕಾಲಿಗೆ ಜಗ್ಗುತ್ತದೆ. ಜಂತೆಗಳನ್ನು ನೀರು ಓಡುವ ದಿಕ್ಕಿಗೇ ಮಲಗಿಸಬೇಕು, ಅಡ್ಡ ಹಾಕಿದರೆ ಒಂದೊಂದು ಜಂತೆಯೂ ಒಂದೊಂದು ಒಡ್ಡು ಆಗುತ್ತದೆ. ಗದ್ದೆ ಮಾಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರ ನೇರ ಸಿಮೆಂಟಿನ ಮೇಲೆ ಕೂರಬಾರದು. ಸಿಮೆಂಟು ತೇವ ಹೀರಿ ಹಿಡಿದಿಟ್ಟು ಮರಕ್ಕೆ ಕುಡಿಸುತ್ತದೆ. ಅದಕ್ಕೆ ಗುಜರಿಯಲ್ಲಿ ಸಿಗುವ ಕನ್ವೇಯರ್ ಬೆಲ್ಟಿನ ಅರ್ಧ ಇಂಚು ದಪ್ಪದ ರಬ್ಬರು ತಂದು, ಅಂಗೈಯಗಲ ತುಂಡು ಮಾಡಿ, ಪ್ರತಿ ಜಂತೆಗೂ ಐದು ಕಡೆ ಮೆತ್ತೆ ಇಟ್ಟೆವು. ಮನೆಯ ಕಡೆ ಒಂದು ತುಂಡು, ನಡುವೆ ಎರಡು, ಆಚೆ ತುದಿಗೆ ಮೂರು, ಅವುಗಳ ಮಧ್ಯೆ ತೆಳು ಹಾಳೆ ಸೇರಿಸಿ ಲೆಕ್ಕ ಸರಿ ಮಾಡಿದ್ದು. ಹೀಗೆ ನೆಲ ಇಳಿಜಾರಾದರೂ ಜಗಲಿ ಮಟ್ಟಸ. ಅಪ್ಪಯ್ಯ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬರುವವರೆಗೂ ಮಿಸ್ತ್ರಿಯನ್ನು ಬಿಡಲಿಲ್ಲ.

ಜಗಳ ಬಂದದ್ದು ಸಂದಿನ ವಿಷಯಕ್ಕೆ. ಹಲಗೆ ಹಲಗೆ ನಡುವೆ ಕೂದಲೂ ತೂರದ ಹಾಗೆ ಜೋಡಿಸುವುದೇ ಮಿಸ್ತ್ರಿಗೆ ಮರ್ಯಾದೆ. 'ಬಾಬೂಜಿ, ಗ್ಯಾಪ್ ದಿಖೇಗಾ ತೋ ಲೋಗ್ ಹಂಸೇಂಗೇ' ಎಂದ. ಅವನ ಸೀಮೆಯಲ್ಲಿ ಮರ ಒಣಗಿ ಕುಗ್ಗುವುದೇ ಚಿಂತೆ, ನಮ್ಮ ಸೀಮೆಯಲ್ಲಿ ನೆನೆದು ಹಿಗ್ಗುವುದೇ ಚಿಂತೆ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಆಗುಂಬೆಯಲ್ಲಿ ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಆಗುಂಬೆಯ ಬಗಲಿನ ಮನುಷ್ಯ ಸೋಲುವುದುಂಟೇ? 'ನೀರು ಇಳೀಬೇಕು, ಗಾಳಿ ಏರಬೇಕು. ಅಟ್ಟಕ್ಕೆ ಸಂದು ಇಲ್ಲದಿದ್ದರೆ ಅಡಿಕೆ ಬೂಸ್ಟು ಹಿಡೀತದೆ' ಎಂದು ಕನ್ನಡದಲ್ಲೇ ಹೇಳಿದರು. ನಾನು ಹಿಂದಿಗೆ ತಂದೆ. ಕೊನೆಗೆ 8 ಗೇಜಿನ ಮೊಳೆ ಒಂದನ್ನು ಹಲಗೆಗಳ ನಡುವೆ ನಿಲ್ಲಿಸಿ, ಅದರ ದಪ್ಪವೇ ಸಂದು ಎಂದು ತೀರ್ಮಾನವಾಯಿತು. 4 ಮಿ.ಮೀ. ಚಕ್ಕಳಮಕ್ಕಳ ಕೂತವರಿಗೆ ಚುಚ್ಚುವುದಿಲ್ಲ, ನೀರು ನಿಲ್ಲುವುದೂ ಇಲ್ಲ. ಹಾಗೆ ಲೆಕ್ಕ ಹಾಕಿದರೆ ಒಂದೊಂದು ತುಂಡಿಗೆ 26 ಹಲಗೆ ಸರಿಯಾಗಿ ಕೂತವು. ಒಂದೊಂದು ಹಲಗೆಗೆ ಎಂಟು ಸ್ಕ್ರೂ, ಎಲ್ಲ ಸೇರಿ 624. ಕಬ್ಬಿಣದ್ದು ಹಾಕಿದರೆ ಮಳೆಗೆ ತುಕ್ಕು ಹಿಡಿದು ಮರದ ಮೇಲೆ ಕಪ್ಪು ಕಣ್ಣೀರು ಇಳಿಯುತ್ತದೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲಿನದು. ಒಂದೊಂದಕ್ಕೂ ಮೊದಲೇ ತೂತು ಕೊರೆದು ಹಾಕಬೇಕು, ಇಲ್ಲದಿದ್ದರೆ ಹಲಗೆಯ ತುದಿ ಸೀಳುತ್ತದೆ. ನನ್ನ ಮಗಳು ಒಂದು ಶನಿವಾರ ಅಜ್ಜನ ಪಕ್ಕ ಕೂತು ನೂರೈವತ್ತು ಸ್ಕ್ರೂ ಹಾಕಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. 'ಉಳಿ', 'ಕೀಸುಳಿ', 'ಚೇಗು' ಎಂಬ ಮೂರು ಶಬ್ದ ಅವತ್ತು ಬಂದವು.

ಜಂತೆಗಳ ಅಡಿಗೂ, ಹಲಗೆಗಳ ಕೊಯ್ದ ತುದಿಗಳಿಗೂ ಗೇರೆಣ್ಣೆ. ನಮ್ಮ ಕಡೆಯವರು ಗೆದ್ದಲು ಬಾರದಿರಲೆಂದು ಪಕಾಸಿಗಳಿಗೆ ಬಳಿಯುವ, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ತಂಗಿಯ ಗಂಡ ಊರಿಗೆ ಹೋದವನು ಒಂದು ಕ್ಯಾನು ತಂದುಕೊಟ್ಟಿದ್ದ. ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಹಾಗಾಗಿ ಕೂರುವ ಮೇಲ್ಭಾಗಕ್ಕೆ ಅಗಸೆ ಎಣ್ಣೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿಯೇ ಬಿಸಾಕಬೇಕು. ಆಚೆ ಅಂಚಿನಲ್ಲಿ ಹೆಗ್ಗಣ ಒಳಗೆ ನುಗ್ಗದ ಹಾಗೆ ತಂತಿ ಜಾಲರಿ. ಗೋಡೆಗೂ ಜಗಲಿಗೂ ನಡುವೆ ಅರ್ಧ ಇಂಚು ಬಿಟ್ಟಿದ್ದೇವೆ. ಯಾವುದಕ್ಕೂ ಏನೂ ಅಂಟಿಲ್ಲ. ಒಂದೊಂದು ತುಂಡೂ ಎಂಬತ್ತು ಕಿಲೋದಷ್ಟು ತೂಗುವುದರಿಂದ ತನ್ನ ಭಾರಕ್ಕೆ ತಾನೇ ಕೂತಿದೆ.

ಮೇ ನಡುವಿಗೆ ಕೆಲಸ ಮುಗಿಯಿತು. ಮಿಸ್ತ್ರಿ ದುಡ್ಡು ಎಣಿಸಿಕೊಂಡ ಮೇಲೂ ಹೊರಡಲಿಲ್ಲ. ಅಪ್ಪಯ್ಯನ ಪಕ್ಕ ಕಾಲು ಮಡಿಸಿ ಕೂತು ಚಾ ಕುಡಿದ. ಅವನ ಊರಿನ ಮನೆಯ ಮುಂದೆಯೂ ಚಬೂತರಾ ಇದೆಯಂತೆ. ಅಲ್ಲಿ ಯಾರು ಕೂರುತ್ತಾರೆ ಎಂದು ಅಪ್ಪಯ್ಯ ಕೇಳಿದರು. 'ಪಿತಾಜಿ. ಅಕೇಲೇ' ಎಂದ. ಅಪ್ಪಯ್ಯ ಇನ್ನೊಂದು ಲೋಟ ಚಾ ತರಿಸಿದರು.

ಆ ವಾರವೇ ಇಲ್ಲಿಯವರು ವಳವಾಚಾ ಪಾವೂಸ್ ಅನ್ನುವ ಬೇಸಿಗೆಯ ಗುಡುಗುಮಳೆ ಬಂತು. ಮುಕ್ಕಾಲು ಗಂಟೆ ಹೊಯ್ದು ನಿಂತಿತು. ಅಪ್ಪಯ್ಯ ಟಾರ್ಚು ಹಿಡಿದು ಬಗ್ಗಿ ಜಾಲರಿಯೊಳಗೆ ನೋಡಿದರು. ನೀರು ಜಂತೆಗಳ ನಡುವಿನ ಕಾಲುವೆಗಳಲ್ಲಿ ಸಾಲಾಗಿ ಇಳಿದು ಹೋಗುತ್ತಿತ್ತು. ಹಲಗೆ ಅರ್ಧ ಗಂಟೆಯಲ್ಲಿ ಕೂರುವಷ್ಟು ಒಣಗಿತು. ಅವತ್ತು ಸಂಜೆ ಗೋಡೆಗೆ ಒರಗಿ, ಕವಳದ ಸಂಚಿ ಬಿಚ್ಚಿ ಕೂತರು. ಆಜಿ ಬಂದರು, ಅವರ ಹಿಂದೆ ಎದುರು ವಿಂಗಿನ ಬೆಳಗಾವಿಯ ನಿವೃತ್ತ ಮಾಸ್ತರು ಬಂದರು. ಹದಿನಾಲ್ಕು ವರ್ಷ ಒಂದೇ ಕಾಂಪೌಂಡಿನಲ್ಲಿದ್ದರೂ ಮಾಸ್ತರಿಗೆ ಕನ್ನಡ ಬರುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತು.

ಅಷ್ಟಾದ ಮೇಲೆ ಅಪ್ಪಯ್ಯ ಇಲ್ಲೇ ಉಳಿದರು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ಮೇ ಮುಗಿಯುವಷ್ಟರಲ್ಲಿ ಅವರು ಬ್ಯಾಗು ತುಂಬಿದರು. ಮಳೆ ಹಿಡಿಯುವ ಮೊದಲು ತೋಟಕ್ಕೆ ಬೋರ್ಡೋ ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ಬಂದು ಅಡಿಕೆ ಉದುರುತ್ತದೆ. ಅದಕ್ಕೆ ನಾನು ಏನು ಹೇಳಲಿ? 'ಜಗಲಿ ಚೆನ್ನಾಗಿದೆ. ಕೊಯ್ಲು ಮುಗಿಸಿ ಬರ್ತೇನೆ' ಎಂದರು. ಈ ಸಲ 'ನೋಡುವ' ಅನ್ನಲಿಲ್ಲ. ಹೇಳಿದಂತೆ ಬಂದರು. ಅಂದಿನಿಂದ ಪ್ರತಿವರ್ಷ ಫೆಬ್ರವರಿಯಿಂದ ಮೇವರೆಗೆ ಇಲ್ಲಿ, ಉಳಿದ ತಿಂಗಳು ಅಲ್ಲಿ. ಊರಿನ ಮನೆಯ ಮರ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಿಲ್ಲ. ನಾನೂ ಉತ್ತರ ಹುಡುಕಿಲ್ಲ. ಆ ಏಳು ಎಂದು ಕೊರೆದ ಜಂತೆಯನ್ನು ಅವರು ಕೀಸಲು ಬಿಡದೆ, ನಡುವಿನ ತುಂಡಿನ ಅಂಚಿಗೆ ಕಾಣುವ ಹಾಗೆ ಹಾಕಿಸಿದ್ದಾರೆ.

ಕಳೆದ ಮಳೆಗಾಲ ಮುಗಿದ ಮೇಲೆ ಕಟ್ಟಡಕ್ಕೆ ಬಣ್ಣ ಹೊಡೆಯುವವರು ಬಂದರು. ಅಟ್ಟಣಿಗೆ ಕಟ್ಟಬೇಕು, ಜಗಲಿ ತೆಗೆಯಿರಿ ಎಂದರು. ನಾಲ್ಕು ಜನ ಹಿಡಿದು ಮೂರೂ ತುಂಡುಗಳನ್ನು ಎತ್ತಿ ಗೋಡೆಗೆ ಒರಗಿಸಿದೆವು. ಕೆಳಗೆ ಕೋಬಾ ಒಣಗಿ ಬೆಳ್ಳಗಿತ್ತು. ಗೆದ್ದಲಿನ ಒಂದು ಮಣ್ಣಿನ ಗೆರೆಯೂ ಇಲ್ಲ. ರಾತ್ರಿ ಊರಿಗೆ ಫೋನು ಮಾಡಿ ಹೇಳಿದೆ.

'ವಾಪಸ್ ಇಡುವಾಗ ಅಡಿಯಲ್ಲಿ ನೋಡಿ ಇಡು. ಅದಲು ಬದಲಾದರೆ ರಬ್ಬರಿನ ಲೆಕ್ಕ ತಪ್ಪಿ ಕುಣೀತದೆ' ಎಂದರು ಅಪ್ಪಯ್ಯ.

ಬೆಳಿಗ್ಗೆ ನೋಡಿದೆ. ಮೂರೂ ತುಂಡುಗಳ ಅಡಿಯಲ್ಲಿ, ಗೇರೆಣ್ಣೆಯ ಕಪ್ಪಿನೊಳಗೆ, ಉಳಿಯಿಂದ ಕೊರೆದ ಕನ್ನಡ ಅಂಕಿಗಳಿದ್ದವು: ಒಂದು, ಎರಡು, ಮೂರು. ಅವನ್ನು ಯಾವಾಗ ಕೊರೆದರೋ ನಾನು ನೋಡಿರಲಿಲ್ಲ. ಮಗಳನ್ನು ಕರೆದು ತೋರಿಸಿ, ಯಾವುದು ಎಲ್ಲಿಗೆ ಎಂದು ಅವಳ ಕೈಯಲ್ಲೇ ಓದಿಸಿ, ಅದೇ ಕ್ರಮದಲ್ಲಿ ಕೂರಿಸಿದೆವು.